ಹಲಗೆಯ ಹಿಂಬದಿ

ಅಕ್ಕೋರ ಹಲಗೆ ನಮ್ಮ ಗ್ಯಾರೇಜಿನ ಗೋಡೆಗೆ ಆನಿಕೊಂಡು ನಿಂತು ಇವತ್ತಿಗೆ ಎರಡು ವಾರ. ಬಣ್ಣ ಹಚ್ಚಿದ ಮಗ್ಗುಲು ಗೋಡೆಯ ಕಡೆಗಿದೆ. ನಮಗೆ ಕಾಣುವುದು ಪ್ಲೈವುಡ್ಡಿನ ಬೆನ್ನು ಮಾತ್ರ. ಅದಕ್ಕೆ ಅಕ್ಕೋರು ತಮ್ಮ ಕೈಯಿಂದಲೇ ಒಂದು ಕೈ ಬಿಳಿ ಪ್ರೈಮರ್ ಬಳಿದು ಬಿಟ್ಟಿದ್ದಾರೆ. ಮುಂದಿನದನ್ನು ನಾನು ಮಾಡಬೇಕು. ಹಾಗೆಂದು ಅವರೇ ಹೇಳಿದ್ದರು. ಹೇಳಿದ ದಿನ ನಾನು ನಕ್ಕುಬಿಟ್ಟಿದ್ದೆ.

ನಾನು ಚಿತ್ರ ಬರೆಯುವವಳಲ್ಲ. ಹತ್ತಿರದ ಸಾಂಬ್ರಾಣಿ ಎಂಬ ಊರಿನ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ದಿನಾ ದಾಂಡೇಲಿಯಿಂದ ಬಸ್ಸಿಗೆ ಹೋಗಿ ಬರುತ್ತೇನೆ, ಊಟವಾದ ಮೇಲೆ ಡೈರಿ ಬರೆಯುತ್ತೇನೆ. ಯಾವ ವಾರ, ಹವೆ ಹೇಗಿತ್ತು, ಬಸ್ಸು ಎಷ್ಟು ತಡ, ಯಾರು ಬಂದರು, ಏನೆಂದರು. ಶಾಲೆಯಲ್ಲಿದ್ದಾಗಲೇ ಹತ್ತಿದ ಚಟ. ಅಕ್ಕೋರು ಹಂಗಿಸುತ್ತಿದ್ದರು: "ನೀ ಊರ ಲೆಕ್ಕಾ ಬರಿಯೋ ತಲಾಠಿ ಆಗಬೇಕಿತ್ತು ನೋಡು ಸಮ್ಮೀ. ಮಳಿ ಬಂದ್ರ ತೊಯ್ಸಿಕೊಳ್ಳೂದ ಬಿಟ್ಟು ಎಷ್ಟ ಬಂತು ಅಂತ ಬರಕೋತ ಕುಂದರ್ತಿ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರೆಂದೇ ಹೇಳುವುದು. ಆದರೆ ನಮ್ಮ ಮನೆಯಲ್ಲಿ ಬರೀ 'ಅಕ್ಕೋರು' ಎಂದರೆ ಡ್ರಾಯಿಂಗ್ ಕಲಿಸುತ್ತಿದ್ದ ಇವರೊಬ್ಬರೇ. ಧಾರವಾಡದ ಕಡೆಯವರು, ಯಜಮಾನರಿಗೆ ಕಾಗದದ ಮಿಲ್ಲಿನಲ್ಲಿ ಕೆಲಸವೆಂದು ದಾಂಡೇಲಿಗೆ ಬಂದು ಇಲ್ಲಿಯವರೇ ಆದರು. ಮಕ್ಕಳಿರಲಿಲ್ಲ. ಗಿಡ್ಡ ಆಳು, ಮೂರು ಮನೆಗೆ ಕೇಳುವ ದನಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಉಗುರಿನ ಸಂದಿಯಲ್ಲಿ ಯಾವತ್ತೂ ಒಂದು ಬಣ್ಣ. ಅವರು ಬಂದುಹೋದ ಮೇಲೆ ಅಮ್ಮಿ ಚಹದ ಕಪ್ಪಿನ ಹಿಡಿ ನೋಡಿ, "ಆಜ್ ನೀಲಾ" ಎಂದು ಆ ದಿನದ ಬಣ್ಣದ ವರದಿ ಕೊಡುತ್ತಿದ್ದಳು.

ಅವರ ಪರಿಚಯವಾದದ್ದು ಸ್ಕೂಟಿಯಿಂದ. ನಾನಾಗ ಅವರ ಶಾಲೆಗೆ ಹೊಸದಾಗಿ ಸೇರಿದ್ದೆ. ಅವರ ಸ್ಕೂಟಿಯ ಮಡ್‌ಗಾರ್ಡು ಯಾವುದೋ ಟಿಂಬರ್ ಲಾರಿಗೆ ತರಚಿ ಬಣ್ಣ ಹೋಗಿತ್ತು, ನಮ್ಮ ಅಬ್ಬಾರ ಗ್ಯಾರೇಜಿಗೆ ತಂದಿದ್ದರು. ಗಾಡಿಗೆ ಬಣ್ಣ ಹೊಡೆಯುವ ಗ್ಯಾರೇಜುಗಳಲ್ಲೆಲ್ಲ ಒಂದು ಗೋಡೆ ಇರುತ್ತದೆ. ಸ್ಪ್ರೇ ಗನ್ನಿಗೆ ಬಣ್ಣ ತುಂಬಿದ ಮೇಲೆ, ಗಾಡಿಗೆ ಹೊಡೆಯುವ ಮೊದಲು, ಆ ಗೋಡೆಗೆ ಒಮ್ಮೆ ಹೊಡೆದು ನೋಡುತ್ತಾರೆ. ವರ್ಷಗಟ್ಟಲೆ ಹೀಗೆ ಹೊಡೆದದ್ದು ಒಂದರ ಮೇಲೊಂದು ಕೂತು, ಅಲ್ಲಲ್ಲಿ ಚಕ್ಕೆ ಎದ್ದು, ಒಳಗಿನದು ಹೊರಗೆ ಇಣುಕುತ್ತಿರುತ್ತದೆ. ಅಕ್ಕೋರು ಸ್ಕೂಟಿ ಬಿಟ್ಟು ಆ ಗೋಡೆಯ ಮುಂದೆ ಹೋಗಿ ನಿಂತರು.

"ಇದನ್ನ ಯಾರು ಮಾಡ್ಯಾರ?"

ಏನೋ ತಕರಾರು ಬಂತೆಂದು ಅಬ್ಬಾ ಗಾಬರಿಯಾದರು. "ಯಾರೂ ಮಾಡಿಲ್ರೀ ಅಕ್ಕೋರ. ಗನ್ ಚೆಕ್ ಮಾಡ್ತೇವಿ ಅಷ್ಟ. ಈದ್ ಮುಂದ ಸುಣ್ಣಾ ಹಚ್ಚಸ್ತೇನಿ."

"ಸುಣ್ಣಾ ಹಚ್ಚೀರಿ ಮತ್ತ! ಬಂದು ಬಾಗಲದಾಗ ಕುಂದರ್ತೇನಿ." ಅವರು ಚಕ್ಕೆ ಎದ್ದ ಜಾಗದಲ್ಲಿ ಬೆರಳಿಟ್ಟರು. "ಈ ಹಸರು ಯಾವಾಗಿಂದು?"

"ಅದು ಒಂದು ಜೀಪಿಂದ್ರಿ. ಅದರ ಕೆಳಗಿನ ಹಳದಿ ರಾಮನಗರದ ಟಿಪ್ಪರು."

"ಅದರ ಕೆಳಗ ನೀಲಿ ಐತಲ್ಲ?"

ಅಬ್ಬಾ ಕೈಯ ಅರಿವೆಯಿಂದ ಕೈ ಒರೆಸಿಕೊಂಡರು. "ಅದು ನಮ್ಮ ತಮ್ಮನ ಆಟೋರಿ. ಅಂವ ಈಗ ಇಲ್ಲ."

ತೀರಿಹೋದ ಚಾಚಾರ ಮಾತನ್ನು ಅಬ್ಬಾ ತಾವಾಗಿ ಎತ್ತಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಅಕ್ಕೋರು ಸಮಾಧಾನ ಹೇಳಲಿಲ್ಲ. "ಆಟೋ ಚಂದ ಇತ್ತೇನು?" ಎಂದು ಕೇಳಿದರು. ಅಬ್ಬಾ ಆಮೇಲೆ ಬಹಳ ಹೊತ್ತು ಆಟೋದ ಬಗ್ಗೆ ಮಾತಾಡಿದರು. ಸ್ಕೂಟಿಯ ಕೆಲಸ ಆ ದಿನ ಆಗಲಿಲ್ಲ.

ಅಂದಿನಿಂದ ಡಬ್ಬಿಯ ತಳದಲ್ಲಿ ಉಳಿದ ಬಣ್ಣವೆಲ್ಲ ಅಕ್ಕೋರ ಪಾಲಾಯಿತು. ಅವರು ಅದನ್ನು ರಟ್ಟು, ತಗಡು, ಹಳೆಯ ಕಿಟಕಿಯ ಬಾಗಿಲು, ಏನು ಸಿಕ್ಕರೆ ಅದರ ಮೇಲೆ ಹಚ್ಚುತ್ತಿದ್ದರು. ಬ್ರಷ್ಷಿಗಿಂತ, ಗಾಡಿಯ ತಗ್ಗಿಗೆ ಪುಟ್ಟಿ ಎಳೆಯುವ ತಗಡಿನ ಪಟ್ಟಿಯೇ ಅವರಿಗೆ ಇಷ್ಟ. ಒಂದು ಪದರು ಒಣಗಬೇಕು, ಆಮೇಲೆ ಇನ್ನೊಂದು. ಗಿಡ, ಮನೆ, ಮನುಷ್ಯ ಯಾವುದೂ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ನಮ್ಮೂರಲ್ಲಿ ಹಪ್ಪಳವೇ ಒಣಗುವುದಿಲ್ಲ, ಇನ್ನು ಬಣ್ಣ ಒಣಗುವುದೆಂತು? ಅಡುಗೆಮನೆಯಲ್ಲಿ ಒಲೆಯ ಎದುರು ರಟ್ಟುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಯಜಮಾನರು ಊಟಕ್ಕೆ ಕೂತಾಗ, "ಇವತ್ತ ಪಲ್ಯಾ ಯಾವುದು, ಚಿತ್ರ ಯಾವುದು ಹೇಳಿ ಬಡಸು ಮಾರಾಯ್ತಿ" ಎನ್ನುತ್ತಿದ್ದರಂತೆ.

ಶಾಲೆಯಲ್ಲಿ ಪರೀಕ್ಷೆಗೆ ಬೇಕಾದ ಹೂಜಿ, ಬದನೆಕಾಯಿ, ಪುಸ್ತಕದ ಮೇಲಿಟ್ಟ ಕನ್ನಡಕ, ಇದನ್ನೆಲ್ಲ ಅವರು ಕಟ್ಟುನಿಟ್ಟಾಗಿ ಕಲಿಸುತ್ತಿದ್ದರು. ಶನಿವಾರದ ಬೆಳಗಿನ ಕೊನೆಯ ತಾಸು ಮಾತ್ರ ಪದರಿನದು. ಒಮ್ಮೆ ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು, "ಏನ್ರೀ ಅಕ್ಕೋರ, ಗ್ಯಾರೇಜ್ ಗೋಡಿ ಆದಂಗ ಆಗೇತಲ್ಲ ಇದು?" ಎಂದರು. "ಹೌದ್ರಿ ಸರ್, ಅಲ್ಲೇ ಕಲತು ಬಂದೇನಿ" ಎಂದು ಅಕ್ಕೋರು ನನ್ನ ಕಡೆ ನೋಡಿದರು. ಇಡೀ ಕ್ಲಾಸು ನಕ್ಕಿತು. ನಾನು ತಲೆ ತಗ್ಗಿಸಿ, ಹಿಂದಿನ ಕ್ಲಾಸಿನಲ್ಲಿ ಮುಗಿಯದೆ ಉಳಿದಿದ್ದ ಬದನೆಕಾಯಿಯ ತೊಟ್ಟು ತಿದ್ದಿದೆ.

ನಮ್ಮ ದಾದಿ, ಅಬ್ಬಾರ ತಾಯಿ, ತೀರಿಕೊಂಡ ವಾರ ನಾನು ಶಾಲೆ ತಪ್ಪಿಸಿರಲಿಲ್ಲ. ಹಾಜರಿ ಪೂರ್ತಿ ಇರಬೇಕೆಂಬ ಹಟ ನನಗೆ. ಶನಿವಾರ ಅಕ್ಕೋರು ನನ್ನ ಮುಂದೆ ಒಂದು ರಟ್ಟು ತಂದಿಟ್ಟು, "ಹೇಳಬ್ಯಾಡ. ಹಚ್ಚು" ಎಂದರು. ನಾನು ಹಳದಿ ಹಚ್ಚಿದೆ.

"ಹಳದಿ ಯಾಕ?"

"ದಾದಿ ಓಢಣಿ ಹಳದಿ ಇತ್ರಿ."

"ಅದು ನಿಮ್ಮ ದಾದಿದಾತು. ನಿಂದೇನೈತಿ?"

ಅವರು ಅಲ್ಲಿಯೇ ಬೆಂಚಿನ ತುದಿಗೆ ಕೂತು ದನಿ ತಗ್ಗಿಸಿದರು. ಅವರ ದನಿ ತಗ್ಗುವುದು ಅಪರೂಪ. "ನೋಡವಾ, ಮೊದಲನೇ ಪದರು ಯಾರಿಗೂ ಹೇಳಾಕ ಆಗದ್ದು ಇರಬೇಕು. ಮ್ಯಾಲೆ ನೀ ಓಢಣಿ ಹಚ್ಚು, ಹೂವು ಹಚ್ಚು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ತಳದಾಗ ಖರೇದು ಇಲ್ಲಂದ್ರ ಮ್ಯಾಲಿಂದು ಬರೇ ಬಣ್ಣ."

ನಾನು ಆ ದಿನ ಬೂದು ಹಚ್ಚಿದೆ. ದಾದಿ ಕೊನೆಯ ದಿನಗಳಲ್ಲಿ ರಾತ್ರಿಯೆಲ್ಲ ಕೂಗುತ್ತಿದ್ದಾಗ, ನಿದ್ದೆಗೆಟ್ಟು ಬೇಸತ್ತಿದ್ದೆನಲ್ಲ, ಆ ಬೇಸರದ ಬೂದು. ಅದರ ಮೇಲೆ ಹಳದಿ. ರಟ್ಟು ಒಣಗಿದ ಮೇಲೆ ಹಳದಿ ಹಳದಿಯಾಗಿ ಕಾಣಲಿಲ್ಲ, ದಾದಿಯ ಓಢಣಿ ಮಾಸಿದ್ದ ಹಾಗೆಯೇ ಕಂಡಿತು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಅಕ್ಕೋರ ಯಜಮಾನರು ತೀರಿಕೊಂಡರು. ಸಂಜೆಯೇ ಎದೆ ಹಿಡಿದಿತ್ತು. "ಗ್ಯಾಸ್ ಆಗೇತಿ ಬಿಡು" ಎಂದು ಸೋಡಾ ಕುಡಿದು ರಾತ್ರಿ ಪಾಳಿಗೆ ಹೋದರು. ಜೊತೆಯವನ ಮಗಳ ನಿಶ್ಚಯವಿತ್ತು, ಅವನ ಪಾಳಿ ಇವರು ಒಪ್ಪಿಕೊಂಡಿದ್ದರು. ಬೆಳಿಗ್ಗೆ ಮನೆಗೆ ಬಂದು, ಗಡ್ಡ ಮಾಡಿಕೊಳ್ಳಲು ನೀರು ಕಾಯಿಸೆಂದು ಹೇಳಿ ಕುರ್ಚಿಯಲ್ಲಿ ಕೂತರು. ನೀರು ಕಾಯುವುದರೊಳಗೆ ಹೋಗಿದ್ದರು.

ಅಕ್ಕೋರು ಅಳಲಿಲ್ಲ. ನೆಂಟರಿಗೆ ಅದೇ ದೊಡ್ಡ ಚಿಂತೆಯಾಯಿತು. "ಅತ್ತು ಹಗರಾಗವಾ" ಎಂದು ಒಬ್ಬೊಬ್ಬರೇ ಬಂದು ಬೆನ್ನು ಸವರುತ್ತಿದ್ದರು. ಅಕ್ಕೋರು ಎದ್ದು ಹೋಗಿ ಚಹಕ್ಕೆ ಇಡುತ್ತಿದ್ದರು.

ಯಜಮಾನರು ದಿವಾನ ಮಂಚ ಮಾಡಬೇಕೆಂದು ತಂದಿಟ್ಟ ಒಂದು ಪ್ಲೈವುಡ್ ಹಲಗೆ ಹಿತ್ತಲಲ್ಲಿ ಉಳಿದಿತ್ತು. ತಿಂಗಳೊಂದು ಕಳೆದ ಮೇಲೆ ಅಕ್ಕೋರು ಅದನ್ನು ಹಾಲಿಗೆ ತಂದು ನಿಲ್ಲಿಸಿದರು. ವರ್ಷದ ಕಾರ್ಯಕ್ಕೆ ಯಜಮಾನರ ಫೋಟೋ ಇಡುವುದಿಲ್ಲ, ಈ ಹಲಗೆಯನ್ನೇ ಇಡುವುದು ಎಂದು ನಿಶ್ಚಯ ಮಾಡಿದ್ದರು. ಸುದ್ದಿ ತಿಳಿದು ಧಾರವಾಡದಿಂದ ಮೈದುನ ಫೋನ್ ಮಾಡಿದರು. ಫೋನ್ ಸ್ಪೀಕರಿನಲ್ಲಿತ್ತು, ನಾನು ಅಲ್ಲೇ ಇದ್ದೆ.

"ವೈನಿ, ಮಂದಿ ಏನಂದಾರು? ಗಂಧದ ಹಾರಾ ಹಾಕಿದ ಫೋಟೋ ಒಂದು ಇರಬೇಕಲ್ಲ."

"ಫೋಟೋದಾಗ ನಿಮ್ಮಣ್ಣ ಹೆಂಗ ಕುಂತಾರ ಗೊತ್ತೇನು? ಐಡಿ ಕಾರ್ಡಿಗೆ ತಗಸಿದ್ದದು. ಉಸರು ಬಿಗಿ ಹಿಡದಾರ. ಹಂಗ ನಾ ಅವರನ್ನ ಒಂದು ದಿನಾನೂ ನೋಡಿಲ್ಲ."

"ಆತು, ಮತ್ತ ಈ ಬಣ್ಣದಾಗ ಅಣ್ಣ ಎಲ್ಲಿ ಬಂದಾನ?"

"ಬರ್ತಾರ. ಟೈಮ್ ಐತಿ."

ಆ ವರ್ಷ ಬಿಡುವಿದ್ದಾಗಲೆಲ್ಲ ನಾನು ಅವರ ಮನೆಗೆ ಹೋದೆ. ಮೊದಲನೆಯ ಪದರು ಹಚ್ಚಿದ ದಿನ ಒಳಗೆ ಬಿಡಲಿಲ್ಲ. ನಂತರದವು ನೋಡಿದ್ದೇನೆ: ಎಣ್ಣೆಯ ಕಪ್ಪು, ಕಾಳಿ ನದಿಗೆ ಹೊಸ ನೀರು ಬಂದಾಗಿನ ಕೆಮ್ಮಣ್ಣು, ಮುಂಜಾನೆಯ ಪಾಳಿಗೆ ಮಿಲ್ಲಿನ ಭೋಂಗಾ ಕೂಗುವ ಹೊತ್ತಿನ ಮಬ್ಬು ನೀಲಿ. ಎಲ್ಲದರ ಮೇಲೆ ಕೊನೆಗೆ ಮಿಲ್ಲಿನ ಕಾಗದದ ತಿರುಳಿನಂಥ ಬಿಳಿ, ಪಟ್ಟಿಯಿಂದ ದಪ್ಪದಪ್ಪಗೆ ಎಳೆದದ್ದು. ಉಬ್ಬು, ತಗ್ಗು, ಗೀರು. ದೂರದಿಂದ ನೋಡಿದರೆ ಶಾಂತ. ಅಕ್ಕೋರು ನೋಡಿ ನೋಡಿ, "ಆತು" ಎಂದರು. ಆ 'ಆತು' ಮನಸ್ಸಿನಿಂದ ಬಂದಂತೆ ನನಗೆ ಅನಿಸಲಿಲ್ಲ, ಆದರೆ ಯಾಕೆಂದು ನಾನು ಕೇಳಲಿಲ್ಲ.

ಕಾರ್ಯಕ್ಕೆ ಒಂದು ವಾರವಿದ್ದಾಗ ಹಲಗೆ ನಮ್ಮ ಗ್ಯಾರೇಜಿಗೆ ಬಂತು. "ಮ್ಯಾಲೆ ಒಂದು ಕೈ ಲ್ಯಾಕರ್ ಹೊಡದು ಕೊಡ್ರಿ, ಧೂಳ ಕೂಡಬಾರದು" ಎಂದು ಅಕ್ಕೋರು ಅಬ್ಬಾರಿಗೆ ಹೇಳಿದರು. ಅಬ್ಬಾರಿಗೆ ಅದು ದೊಡ್ಡ ಗೌರವ. ಕೆಲಸದವರ ಕೈಗೆ ಕೊಡದೆ, ಶುಕ್ರವಾರ ನಮಾಜು ಮುಗಿಸಿ ಬಂದು ತಾವೇ ಕೂತರು. ಉಬ್ಬುತಗ್ಗಿದ್ದ ಮೈಯ ಮೇಲೆ ಲ್ಯಾಕರ್ ಹೊಡೆಯುವುದು ಅವರ ಕಸುಬಿನಲ್ಲಿ ಮರ್ಯಾದೆಗೇಡು. ಗಿರಾಕಿ ಹೇಳದಿದ್ದರೂ ಮೊದಲು ವಾಟರ್ ಪೇಪರೆಂಬ ಉಜ್ಜುಕಾಗದದಿಂದ ನೀರು ಬಿಟ್ಟುಕೊಂಡು ತಿಕ್ಕಿ ಸಮ ಮಾಡಬೇಕು. ಅಬ್ಬಾ ಪ್ರೀತಿಯಿಂದ ತಿಕ್ಕಿದರು. ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಹಲಗೆಯ ನಡುಭಾಗ ಕನ್ನಡಿಯಂತೆ ನುಣುಪಾಗಿತ್ತು, ಬಿಳಿ ಹೋಗಿತ್ತು, ನೀಲಿ ಹೋಗಿತ್ತು, ತಳದಿಂದ ಕೆಂಪು ಎದ್ದಿತ್ತು. ಕೆಂಪಿನ ತಟ್ಟೆಯ ಸುತ್ತ ಉಳಿದ ಪದರುಗಳು ತೆಳ್ಳಗಿನ ಗೆರೆಗಳಾಗಿ ಉಳಿದಿದ್ದವು.

"ಕೈಸಾ ಹೈ ಬೇಟಾ?" ಎಂದು ಅಬ್ಬಾ ಹೆಮ್ಮೆಯಿಂದ ಕೇಳಿದರು. ನನ್ನ ಮುಖ ನೋಡಿ ಕೈಯಲ್ಲಿದ್ದ ಪೇಪರು ಕೆಳಗಿಟ್ಟರು.

ಅಕ್ಕೋರು ಬಂದರು. ಹಲಗೆಯ ಮುಂದೆ ನಿಂತರು. ಅಬ್ಬಾ, "ಮಾಫ್ ಮಾಡ್ರಿ ಅಕ್ಕೋರ, ನಮಗ ತಿಳೀಲಿಲ್ಲ. ನಾ ತಿರಗ ಬಿಳಿ ಹೊಡದು ಕೊಡ್ತೇನಿ, ಇದ್ದಂಗ ಮಾಡ್ತೇನಿ" ಎಂದು ಒಂದೇ ಸಮ ಹೇಳಿದರು.

"ನೀವು ಕೆಡಸೀರಿ" ಎಂದರು ಅಕ್ಕೋರು. "ಇಲ್ಲ ಅನ್ನಂಗಿಲ್ಲ ನಾ. ಒಂದು ವರ್ಷದ್ದು ಕೆಡಸೀರಿ."

ಅಬ್ಬಾರ ಕಣ್ಣು ತುಂಬಿತು. ಅಕ್ಕೋರು ಅದನ್ನು ನೋಡಿಯೂ ನೋಡದಂತೆ ಕೆಂಪಿನ ಮೇಲೆ ಅಂಗೈ ಇಟ್ಟರು. ಮೊದಲ ಪದರು ಏನೆಂದು ಆಗ ನನ್ನ ಕಡೆ ತಿರುಗದೆಯೇ ಹೇಳಿದರು. "ಸಿಟ್ಟಿದು. ಎದಿ ನೋಯ್ತದ ಅಂತ ನನಗ ಹೇಳಲಿಲ್ಲ ಅಂವ. ಗ್ಯಾಸ್ ಅಂದ. ಪಾಳಿ ಕೊಟ್ಟೇನಿ, ಮಾತು ತಪ್ಪಬಾರದು ಅಂದ. ನನಗ ಕೊಟ್ಟ ಮಾತು ಯಾರು ಉಳಸಬೇಕಿತ್ತು?" ಗಂಡನನ್ನು ಅವರು ಏಕವಚನದಲ್ಲಿ ಅಂದದ್ದನ್ನು ಮೊದಲ ಸಲ ಕೇಳಿದೆ. "ಮುಚ್ಚಿಬಿಟ್ರ ಮುಗೀತು ಅಂದಕೊಂಡಿದ್ದೆ. ಬಿಳಿ ಹಚ್ಚಿ ಚಂದ ಮಾಡಿ, ನಾಲ್ಕ ಮಂದಿಗೆ ತೋರಸಾಕ ಹೊಂಟಿದ್ದೆ. ಅದಕಿಂತ ಫೋಟೋನ ಅಡ್ಡಿ ಇದ್ದಿಲ್ಲ."

ಆಮೇಲೆ ಸೆರಗು ಸಿಕ್ಕಿಸಿದರು. "ಪೇಪರ್ ಕೊಡ್ರಿಲ್ಲಿ. ನೀರು ಬಿಡು ಸಮ್ಮೀ."

"ಅಕ್ಕೋರ, ಬಿಳಿ…" ಎಂದರು ಅಬ್ಬಾ.

"ಬಿಳಿ ಬ್ಯಾಡ. ನೀವು ತಿಳೀಲಾರದ ತಿಕ್ಕೀರಿ, ನಾ ತಿಳದು ತಿಕ್ಕತೇನಿ."

ಆ ವಾರ ಶಾಲೆ ಬಿಟ್ಟೊಡನೆ ಗ್ಯಾರೇಜಿಗೆ ಬರುತ್ತಿದ್ದರು. ಅಬ್ಬಾ ಸಮ ಮಾಡಿದ್ದ ಜಾಗದ ಅರ್ಧವನ್ನು ಪಟ್ಟಿಯಿಂದ ಮತ್ತೆ ಒರಟು ಮಾಡಿದರು. ಬಿಳಿ ಉಳಿದಿದ್ದ ಕಡೆ ಕೆಲವನ್ನು ತಿಕ್ಕಿ ನೀಲಿ ಹೊರಗೆ ತೆಗೆದರು, ಕೆಲವನ್ನು ಹಾಗೆಯೇ ಬಿಟ್ಟರು, ಕೆಂಪನ್ನು ಒಂದೆಡೆ ಮುಚ್ಚಿ ಇನ್ನೊಂದೆಡೆ ಬಿಚ್ಚಿದರು. ಮಧ್ಯೆ ನಿಂತು ಹಲಗೆಯನ್ನು ಬೈಯುತ್ತಿದ್ದರು: "ಸೋಡಾ ಕುಡದನಂತ ಸೋಡಾ!" ಗ್ಯಾರೇಜಿನವರು ತಲೆ ತಗ್ಗಿಸಿ ತಮ್ಮ ಕೆಲಸ ಮಾಡುತ್ತಿದ್ದರು. ಕೊನೆಯ ಸಂಜೆ ಮಾತ್ರ ಬೈಯಲಿಲ್ಲ. ಎಡಗಡೆಯ ಮೂಲೆಗೆ ಬೆರಳಿನಿಂದ ಒಂದಿಷ್ಟು ಅರಿಸಿನ ಹಳದಿ ಒರೆಸಿ, "ಪಲ್ಯಾ" ಎಂದು ತಮಗೆ ತಾವೇ ನಕ್ಕರು.

ಕಾರ್ಯದ ದಿನ ನಾನು, ಅಬ್ಬಾ ಇಬ್ಬರೂ ಹೋದೆವು. ಹಲಗೆ ಹಾಲಿನ ನಡುಗೋಡೆಗಿತ್ತು, ಮುಂದೆ ದೀಪ. ಮೈದುನರು ಒಳಗೆ ಬಂದು ಚೀಲ ಕೆಳಗಿಡದೆ ಕೇಳಿದರು, "ಏನಿದು ವೈನಿ? ಗೋಡಿ ಉದರಿದಂಗ ಐತಿ."

"ನಿಮ್ಮಣ್ಣ."

"ಚೇಷ್ಟಾ ಮಾಡಬ್ಯಾಡ್ರಿ. ಅವ್ವನ್ನ ಕರಕೊಂಡು ಬಂದೇನಿ. ಆಕಿಗೆ ಏನ್ ತೋರಸಲಿ? ಫೋಟೋ ನಾನ ತಂದೇನಿ, ಇಡ್ತೇನಿ ನೋಡ್ರಿ." ಚೀಲದಿಂದ ಗಾಜಿನ ಫ್ರೇಮು ಹೊರತೆಗೆದರು.

"ಇಟ್ರ ನಾ ಹೊರಗ ಹೋಗ್ತೇನಿ" ಎಂದರು ಅಕ್ಕೋರು. ಹೋಗುವವರೇ. ಎಲ್ಲರಿಗೂ ಅದು ಗೊತ್ತಾಯಿತು.

ಆಗ ಅತ್ತೆ, ಯಜಮಾನರ ತಾಯಿ, ಬಾಗಿಲಿಂದ ಗೋಡೆ ಹಿಡಿದುಕೊಂಡು ಬಂದರು. ಎರಡೂ ಕಣ್ಣಿಗೆ ಪೊರೆ; ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣದು. "ಎಲ್ಲಿಟ್ಟೀಯವಾ ನನ್ನ ಮಗನ್ನ?" ಎಂದು ಕೇಳಿದರು. ಅಕ್ಕೋರು ಅವರ ಕೈ ಹಿಡಿದು ತಂದು ಹಲಗೆಯ ಮೇಲೆ ಇಟ್ಟರು.

ಮುದುಕಿ ನಿಧಾನ ಸವರಿದರು. ನುಣುಪಾದಲ್ಲಿ ಕೈ ಜಾರಿತು, ಒರಟಾದಲ್ಲಿ ನಿಂತಿತು. ಅಲ್ಲಿಯೇ ಹಿಂದೆ ಮುಂದೆ ಆಡಿತು, ಗಲ್ಲ ಸವರುವಂತೆ.

"ಗಡ್ಡಾ ಮಾಡಕೊಂಡಿಲ್ಲಲ್ಲ ಇಂವ?"

ಅಕ್ಕೋರು ಅತ್ತೆಯ ಕೈಯ ಮೇಲೆ ತಮ್ಮ ಕೈ ಇಟ್ಟರು.

"ರಾತ್ರಿ ಪಾಳಿ ಮುಗಿಸಿ ಬಂದಾನೇನ?" ಎಂದರು ಮುದುಕಿ.

"ಹೌದ್ರಿ ಅತ್ತಿ" ಎಂದರು ಅಕ್ಕೋರು. "ನೀರು ಕಾಯಾಕ ಇಟ್ಟೇನ್ರಿ."

ಅಷ್ಟು ಹೇಳಿ ಹಲಗೆಯ ಬುಡದಲ್ಲಿ ಕುಸಿದು ಕೂತರು. ಒಂದು ವರ್ಷದ ಅಳು ಅತ್ತರು. ಅತ್ತೆ ಒಂದು ಕೈಯನ್ನು ಹಲಗೆಯ ಮೇಲೆ, ಇನ್ನೊಂದನ್ನು ಸೊಸೆಯ ತಲೆಯ ಮೇಲೆ ಇಟ್ಟುಕೊಂಡು ನಿಂತೇ ಇದ್ದರು. ಮೈದುನರು ಫ್ರೇಮನ್ನು ಚೀಲಕ್ಕೆ ಹಾಕಿ ಹೊರಗೆ ಹೋಗಿ ಅಬ್ಬಾರ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತರು.

ಊಟವಾದ ಮೇಲೆ ಅಕ್ಕೋರು ನನ್ನನ್ನು ಕರೆದು ಹಲಗೆಯ ಹಿಂಬದಿ ತಟ್ಟಿದರು. "ಈ ಮಗ್ಗಲಾ ನಂದು. ನೀ ಮಾಡಬೇಕು. ಯಾರರ ನನ್ನ ಫೋಟೋ ತಂದಿಟ್ರ ನಿನ್ನ ಕೇಳ್ತೇನಿ ಮತ್ತ." ನಾನು ನಕ್ಕದ್ದು ಆಗ.

ಅವರು ನಿವೃತ್ತರಾದರು. ಊರು ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಓಣಿಯ ಹುಡುಗರನ್ನು ಕೂಡಿಸಿಕೊಂಡು ಪದರು ಹಚ್ಚಿಸುತ್ತಿದ್ದರು. ಕಳೆದ ವರ್ಷ ಮೇಲಿಂದ ಮೇಲೆ ಹುಬ್ಬಳ್ಳಿಗೆ ಹೋಗತೊಡಗಿದರು. ತಂಗಿಯ ಮನೆ ಎಂದರು. ಇಳಿದುಹೋಗಿದ್ದರು. ಕೇಳಿದರೆ, "ಗ್ಯಾಸ್ ಆಗೇತಿ ಬಿಡು" ಎಂದರು. ನಾನು ಅದನ್ನು ಡೈರಿಯಲ್ಲಿ ಹಾಗೆಯೇ ಬರೆದುಕೊಂಡೆ, ಮುಂದೆ ಕೇಳಲು ಅವರು ಎಡೆ ಕೊಡಲಿಲ್ಲ. ಆ ಹುಬ್ಬಳ್ಳಿ ಆಸ್ಪತ್ರೆಯ ಹುಬ್ಬಳ್ಳಿ ಎಂದು ನನಗೆ ತಿಳಿದದ್ದು ಅವರು ತೀರಿಕೊಂಡ ದಿನ, ಸಾಂಬ್ರಾಣಿಯಿಂದ ಬರುವ ಬಸ್ಸಿನಲ್ಲಿ, ಅಬ್ಬಾರ ಫೋನಿನಿಂದ.

ಹಲಗೆಯನ್ನು ಗೂಡ್ಸ್ ರಿಕ್ಷಾದಲ್ಲಿ ತಂದು ಇಳಿಸಿದವರು ಅದೇ ಮೈದುನರು. "ವೈನಿ ಹೇಳಿದ್ರು, ಇದು ನಿನಗ ಮುಟ್ಟಬೇಕಂತ" ಎಂದರು. ಹೊರಟವರು ತಿರುಗಿ ಬಂದು, "ವರ್ಷದ ಕಾರ್ಯಕ್ಕ ಬೇಕು ನೋಡವಾ. ನಾ ಫೋಟೋ ಮಾಡಸಾಕ ಹಾಕಿಲ್ಲ" ಎಂದರು.

ಎರಡು ವಾರ ಪ್ರೈಮರ್ ನೋಡುತ್ತ ಕೂತಿದ್ದೇನೆ. ಮೊದಲು ಅವರ ಹಸಿರು ಇಳಕಲ್ ಸೀರೆಯ ಬಣ್ಣ ಕಲಸಿದೆ. ಡಬ್ಬಿಯಲ್ಲೇ ಒಣಗಿತು. ಆಮೇಲೆ ಅವರ ಸ್ಕೂಟಿಯ ಬಣ್ಣ, ಅಬ್ಬಾರಿಗೆ ಅದರ ಹೆಸರು ಇನ್ನೂ ನೆನಪಿದೆ. ಅದೂ ಹಚ್ಚಲಾಗಲಿಲ್ಲ. ಅದು ಅವರದಾತು, ನಿನ್ನದೇನಿದೆ ಎಂಬ ಮಾತು ಬೆಂಚಿನ ತುದಿಯಿಂದ ಕೇಳುತ್ತಲೇ ಇತ್ತು. ಅವರ ಬಗ್ಗೆ ಇಷ್ಟೆಲ್ಲ ಬರೆದದ್ದೂ ಬಣ್ಣ ಹಚ್ಚುವುದನ್ನು ಮುಂದೂಡಲಿಕ್ಕೇ ಎಂದು ಈಗ ಅನಿಸುತ್ತಿದೆ.

ಇವತ್ತು ಭಾನುವಾರ, ಹದವಾದ ಬಿಸಿಲು, ಬೇಗ ಒಣಗುತ್ತದೆ. ಮಧ್ಯಾಹ್ನ ಗ್ಯಾರೇಜು ಖಾಲಿಯಾದ ಮೇಲೆ ಸೆರಗಿನ ಬದಲು ದುಪಟ್ಟಾ ಸಿಕ್ಕಿಸಿ ಅಬ್ಬಾರ ಬಣ್ಣದ ಕಪಾಟು ತೆಗೆದೆ. "ಕೌನ್ಸಾ ದೂಂ?" ಎಂದು ಅಬ್ಬಾ ಡಬ್ಬಿಗಳ ಮೇಲೆ ಕೈಯಾಡಿಸುತ್ತ ಕೇಳಿದರು.

ಹೇಳಲಿಲ್ಲ ಅಕ್ಕೋರು ನನಗೆ. ಗಂಡ ಹೇಳಲಿಲ್ಲವೆಂದು ಒಂದು ವರ್ಷ ಸಿಟ್ಟು ಮುಚ್ಚಿಟ್ಟು, ಒಂದು ವಾರ ಹಲಗೆಯನ್ನು ಬೈದವರು, ಅದೇ ಗ್ಯಾಸಿನ ಮಾತನ್ನು ನನ್ನ ಮುಖದ ಮೇಲೆ ಹೇಳಿ ಬಸ್ಸು ಹತ್ತಿದರು.

"ಕೆಂಪು" ಎಂದೆ. "ಇದ್ದಷ್ಟು ಕೊಡ್ರಿ."